ಕೋಳಿಗೂಡಿನ ಮೊಟ್ಟೆ ಬಾಗಿಲು

ನಮ್ಮ ಹಿತ್ತಿಲ ಕೋಳಿಗೂಡಿಗೆ ಇರುವಂಥ ಬಾಗಿಲು ನಮ್ಮೂರಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ. ಇದನ್ನು ಊರು ಎಂದು ಈಗ ಕರೆಯುವವರು ನಾವು ಕೆಲವು ಹಳಬರು ಮಾತ್ರ. ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ ದಾಟಿ ಹಳಿಯ ಪಕ್ಕದಲ್ಲೇ ಬಂದರೆ ಸಿಗುವ ಒಂದಷ್ಟು ಅಡ್ಡರಸ್ತೆಗಳು, ಅಷ್ಟೇ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಕಡೆ ಬಾಡಿಗೆ ಮನೆಗಳು ಎದ್ದಿವೆ. ಉಳಿದಿರುವುದು ಮನೆಯ ಹಿಂದಿನ ಈ ಚೂರು ಹಿತ್ತಿಲು, ಒಂದು ನುಗ್ಗೆಮರ, ನನ್ನ ಹೆಂಡತಿಯ ಕೋಳಿಗಳು.

ಆ ಬಾಗಿಲು ಮಾಡಿದವರು ನಮ್ಮ ಪಕ್ಕದ ಮನೆಯವರು. ಈ ಸಲ ಯುಗಾದಿ ಕಳೆದ ಮೇಲೆ ತೀರಿಕೊಂಡರು. ನಿದ್ದೆಯಲ್ಲೇ ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಮುಂಚೆ ಅವರ ಆಫೀಸಿನವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಇನ್ಶೂರೆನ್ಸ್ ಆಫೀಸಿನಲ್ಲಿ ಅವರು ಕ್ಲೇಮು ನೋಡುವ ವಿಭಾಗದಲ್ಲಿದ್ದರು. ಸುಟ್ಟ ಅಂಗಡಿ, ಮುಳುಗಿದ ಗೋಡೌನು, ಗುದ್ದಿಕೊಂಡ ಲಾರಿ, ಇವನ್ನೆಲ್ಲ ಹೋಗಿ ನೋಡಿ, ತಪ್ಪು ಯಾರದು ಎಂದು ಬರೆಯುವುದೇ ಅವರ ಕೆಲಸವಾಗಿತ್ತು. ಬಂದವರು ಅವರ ನಿಯತ್ತನ್ನು ಹೊಗಳಿದರು, ಅವರ ಅಕ್ಷರವನ್ನು ಹೊಗಳಿದರು. ಕೋಳಿಗೂಡಿನ ವಿಷಯ ಯಾರೂ ಎತ್ತಲಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ.

ಗೊತ್ತಿದ್ದವನು ನಾನು. "ನೀವೂ ಎರಡು ಮಾತು ಹೇಳಿ ಅಂಕಲ್" ಎಂದು ಅವರ ಮಗಳು ಕರೆದಾಗ ಎದ್ದು ನಿಂತೆ. "ಒಳ್ಳೇ ಮನುಷ್ಯ" ಎಂದೆ. ಕೂತುಬಿಟ್ಟೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ, ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೆ ಕೂತದ್ದು ಆ ಕಾರಣಕ್ಕಲ್ಲ. ಬಾಗಿಲಿನ ಕಥೆ ಹೇಳಿದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಎದುರಿಗೇ ನನ್ನ ಹೆಂಡತಿ ಕೂತಿದ್ದಳು. ಅವತ್ತು ಬಾಯಿ ಬರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವರು ಕೋಳಿ ಸಾಕಿದವರಲ್ಲ. ಮುಟ್ಟಿದವರೂ ಅಲ್ಲ. ಮೊಟ್ಟೆ ಹಾಕಿದ್ದಾರೆ ಎಂದು ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನೇ ಪಕ್ಕಕ್ಕೆ ಸರಿಸುತ್ತಿದ್ದ ಮನುಷ್ಯ. ರಿಟೈರಾದ ಮೇಲೆ ಮಗಳು ಅಳಿಯನ ಜೊತೆ ನಮ್ಮ ಪಕ್ಕದ ಮನೆ ಕೊಂಡು ಬಂದಾಗ, ಹಿತ್ತಿಲ ಕೋಳಿಯ ಗಲಾಟೆಗೆ ಇವರು ಜಗಳಕ್ಕೆ ಬಂದೇ ಬರುತ್ತಾರೆ ಎಂದು ನಾನು ತಯಾರಾಗಿದ್ದೆ. ಒಂದು ದಿನ ಬೆಳಿಗ್ಗೆ ಕಾಂಪೌಂಡಿನ ಮೇಲೆ ತಲೆ ಕಾಣಿಸಿತು.

"ಯಜಮಾನ್ರೇ, ನಿಮ್ಮ ಹುಂಜ ಬೆಳಗಾಗೋಕೆ ಮುಂಚೆ ಕೂಗುತ್ತಲ್ಲ?"

"ಹೌದು, ಏನೀಗ?" ಎಂದೆ, ತೋಳು ಏರಿಸಿ.

"ಏನಿಲ್ಲ. ಇವತ್ತು ಕೂಗಲಿಲ್ಲ. ಹುಷಾರಾಗಿದಾರಾ ಅಂತ ಕೇಳೋಣ ಅಂತ ಬಂದೆ."

ಕೋಳಿಗಳಿಗೆ ಅವರು ಬಹುವಚನ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. "ಇವರು ಎಡಗಡೆಯಿಂದ ಹತ್ತಲ್ಲ ನೋಡಿ", "ಅವರಿಗೆ ಈ ಜಾಗ ಹಿಡಿಸಿಲ್ಲ." ನಗಬೇಕು ಅನ್ನಿಸಿದಾಗ "ನಮ್ಮ ಪಾಲಿಸಿದಾರರು" ಎನ್ನುತ್ತಿದ್ದರು.

ಅವರಿಗೆ ಒಂದು ಹುಚ್ಚಿತ್ತು. ಎಲ್ಲಿ ಹೋದರೂ ಬಾಗಿಲು ನೋಡುವುದು. ಒಮ್ಮೆ ಹಲಸೂರಿನ ಒಂದು ಛತ್ರದಲ್ಲಿ ನನ್ನ ಅಣ್ಣನ ಮಗಳ ಮದುವೆ. ಇವರನ್ನೂ ಕರೆದಿದ್ದೆ. ಊಟದ ಹೊತ್ತಿಗೆ ಮನುಷ್ಯ ಕಾಣೆ. ಹುಡುಕಿದರೆ, ಊಟದ ಹಾಲಿನ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತುಕೊಂಡು, ಒಳಗೆ ಹೋಗುವವರೂ ಕೈತೊಳೆಯಲು ಹೊರಗೆ ಬರುವವರೂ ಡಿಕ್ಕಿ ಹೊಡೆಯುವುದನ್ನು ನೋಡುತ್ತಿದ್ದಾರೆ. "ಸಾರ್, ಪಂಕ್ತಿ ಶುರುವಾಯ್ತು, ಬನ್ನಿ" ಎಂದೆ. "ಒಂದು ರೆಕ್ಕೆ ಮುಚ್ಚಿ ಬೋಲ್ಟ್ ಹಾಕಿದಾರೆ ಯಜಮಾನ್ರೇ. ಅದನ್ನ ತೆಗೆದ್ರೆ ಮುಗೀತು. ಯಾರಿಗೂ ಹೊಳೆದಿಲ್ಲ" ಎಂದು, ಬಗ್ಗಿ, ಬೋಲ್ಟು ಎಳೆದು, ಆ ರೆಕ್ಕೆಯನ್ನೂ ತೆರೆದರು. ಜನ ಸಲೀಸಾಗಿ ಹರಿದರು. ಆಮೇಲೆಯೇ ಎಲೆಯ ಮುಂದೆ ಕೂತದ್ದು. ಅವತ್ತು ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು.

ಯಾವ ವಸ್ತು ನೋಡಿದರೂ ಅವರ ಮೊದಲ ಪ್ರಶ್ನೆ, "ಇದರಿಂದ ಯಾರಿಗೆ ಕಷ್ಟ ಆಗ್ತಿದೆ?" ಇದನ್ನು ನಾನು ಮೊದಲು ತಮಾಷೆ ಮಾಡುತ್ತಿದ್ದೆ.

ನಮ್ಮ ಕೋಳಿಗೂಡು ಆಗ ಹಳೇ ಕಾಲದ್ದು. ನೆಲಕ್ಕೆ ಅಂಟಿಕೊಂಡ ಇಟ್ಟಿಗೆಯ ಗೂಡು. ಬಾಗಿಲು ಎಂದರೆ ಒಂದು ಚಪ್ಪಡಿ. ಸಂಜೆ ಕೋಳಿ ಒಳಗೆ ಹೋದ ಮೇಲೆ ಅದನ್ನು ದಬ್ಬಿ ನಿಲ್ಲಿಸಬೇಕು. ಬೆಳಿಗ್ಗೆ ಸರಿಸಿ, ಮಂಡಿಯೂರಿ, ಭುಜದವರೆಗೆ ಕೈ ತೂರಿಸಿ ಮೊಟ್ಟೆಗೆ ತಡಕಾಡಬೇಕು. ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ಆಮೇಲೆ ನನ್ನ ಹೆಂಡತಿ. ಅವಳ ಮೊಣಕಾಲು ಕೆಟ್ಟಿತು. ಕೋಲು ಬಂತು. ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಆಪರೇಷನ್ ಮಾಡಿಸಿ, ಆದರೂ ಇನ್ನು ನೆಲಕ್ಕೆ ಕೂರುವ ಹಾಗಿಲ್ಲ ಎಂದರು ಡಾಕ್ಟರು.

"ಕೋಳಿ ಕೊಟ್ಟುಬಿಡೋಣ ಕಣೇ" ಎಂದೆ ಹಿತ್ತಿಲಲ್ಲಿ ನಿಂತು.

"ನನ್ನನ್ನೂ ಕೊಟ್ಟುಬಿಡಿ" ಎಂದಳು ಅವಳು. ಮುಖ ಆಕಡೆ ತಿರುಗಿಸಿಕೊಂಡಳು.

ಕಾಂಪೌಂಡಿನ ಮೇಲೆ ತಲೆ ಎದ್ದಿತು. "ಕ್ಷಮಿಸಿ, ಕಿವಿಗೆ ಬಿತ್ತು. ಮೊಣಕಾಲು ಬಗ್ಗಲ್ಲ ಅಂದ್ರೆ ಕೋಳಿ ಯಾಕೆ ಹೋಗ್ಬೇಕು ಯಜಮಾನ್ರೇ? ಬಾಗಿಲು ಮೇಲಕ್ಕೆ ಬರ್ಲಿ."

ಅಷ್ಟು ಸುಲಭದ ಮಾತು. ಹುಟ್ಟಿದಾಗಿನಿಂದ ಕೋಳಿಯ ಜೊತೆ ಬೆಳೆದ ನನಗೆ, ಕೋಳಿಗೂಡು ನೆಲದ ಮೇಲೇ ಇರಬೇಕಾಗಿಲ್ಲ ಎಂದು ಹೊಳೆದಿರಲಿಲ್ಲ.

ಅವರಿಗೆ ಮರಗೆಲಸ ಬರುತ್ತಿತ್ತು ಎಂದುಕೊಳ್ಳಬೇಡಿ. ಜೀವಮಾನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದವರಲ್ಲ. ಅದಕ್ಕಾಗಿಯೇ ಗರಗಸ, ಸುತ್ತಿಗೆ, ಸ್ಕ್ರೂಡ್ರೈವರುಗಳ ಒಂದು ಪೆಟ್ಟಿಗೆ ಕೊಂಡು ತಂದರು. ಅದಕ್ಕೂ ಮುಂಚೆ ಎಷ್ಟೋ ದಿನ ನಮ್ಮ ಹಿತ್ತಿಲಲ್ಲಿ ಸ್ಟೂಲು ಹಾಕಿಕೊಂಡು ಬರೀ ಕೂತಿದ್ದರು. ಕೋಳಿ ಹೇಗೆ ಹತ್ತುತ್ತದೆ, ಎಲ್ಲಿ ಕೂರುತ್ತದೆ, ನನ್ನ ಹೆಂಡತಿ ಕೋಲನ್ನು ಯಾವ ಕೈಯಲ್ಲಿ ಹಿಡಿಯುತ್ತಾಳೆ, ಬುಟ್ಟಿ ಎಲ್ಲಿ ಇಡುತ್ತಾಳೆ, ಎಲ್ಲ ನೋಡಿದರು. ಆಮೇಲೆ ಸ್ವೀಟು ಡಬ್ಬಿಗಳನ್ನು ಕತ್ತರಿಸಿ, ಗೋಂದು ಹಚ್ಚಿ ಒಂದು ಪುಟ್ಟ ಗೂಡು ಮಾಡಿಕೊಂಡು ಬಂದರು. ಬಾಗಿಲ ಮೇಲೆ ಮೈಸೂರುಪಾಕಿನ ಚಿತ್ರವಿತ್ತು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಗೂಡು ನಾಲ್ಕು ಕಾಲಿನ ಮೇಲೆ ಸೊಂಟದೆತ್ತರಕ್ಕೆ ನಿಂತಿತು. ಮುಂದುಗಡೆ ಕೋಳಿಗೆ ಏಣಿ, ಮೇಲಕ್ಕೆ ಜಾರುವ ಒಂದು ಹಲಗೆ, ಅದಕ್ಕೊಂದು ಹಗ್ಗ. ಅಡಿಗೆಮನೆಯ ಮೆಟ್ಟಿಲಲ್ಲಿ ನಿಂತೇ ಎಳೆಯಬಹುದು. ಹಿಂದುಗಡೆ ಮೊಟ್ಟೆ ಬಾಗಿಲು. ಅವರ ಬುದ್ಧಿಯೆಲ್ಲ ಇದ್ದದ್ದು ಇದರಲ್ಲಿ. ಇದಕ್ಕೆ ಕೀಲು ಪಕ್ಕದಲ್ಲಿಲ್ಲ, ಕೆಳಗಿದೆ. ಚಿಲಕ ತೆಗೆದರೆ ಬಾಗಿಲು ಮುಂದಕ್ಕೆ ಮಲಗಿ ಒಂದು ಹಲಗೆಯಾಗುತ್ತದೆ, ಅದರ ಮೇಲೆ ಬುಟ್ಟಿ ಇಡಬಹುದು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೊಟ್ಟೆ. ಬಗ್ಗುವ ಹಾಗಿಲ್ಲ, ತಡಕಾಡುವ ಹಾಗಿಲ್ಲ.

ಕೋಳಿಯ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ. ಒಂದು ಮಧ್ಯಾಹ್ನ ಮೊಟ್ಟೆ ಬಾಗಿಲಿನಿಂದ ತಲೆ, ಭುಜ ಎಲ್ಲ ಒಳಗೆ ತೂರಿಸಿಕೊಂಡಿದ್ದಾರೆ, ಹೊರಗೆ ಪಂಚೆ ಮಾತ್ರ ಕಾಣುತ್ತಿದೆ. ಆ ಹೊತ್ತಿಗೇ ಅವರ ಮಗಳು ಸ್ಕೂಲಿನಿಂದ ಬಂದಳು. ಟೀಚರು ಅವಳು. ಕಾಂಪೌಂಡಿನ ಮೇಲಿಂದ ನೋಡಿ ಗಾಬರಿಯಾದಳು.

"ಅಪ್ಪಾ! ಏನ್ ಮಾಡ್ತಿದೀರಾ ಅಲ್ಲಿ?"

ಗೂಡಿನೊಳಗಿಂದ ಧ್ವನಿ ಬಂತು. "ಸೈಟ್ ಇನ್‌ಸ್ಪೆಕ್ಷನ್."

ಚಿಲಕ ತರಲು ನಾವಿಬ್ಬರೂ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋದೆವು. ಅಲ್ಲಿ ಹಳೇ ಬಂಗಲೆಗಳ ಬಾಗಿಲು, ಕಿಟಕಿ, ಹಿಡಿ ಎಲ್ಲ ಸಿಗುವ ಗುಜರಿ ಅಂಗಡಿಯ ಭಾಯಿ ಒಂದು ರಾಶಿ ಚಿಲಕ ಸುರಿದ. ಇವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ತೆಗೆದು ಹಾಕಿ ಮಾಡತೊಡಗಿದರು.

"ಕ್ಯಾ ಸಾಬ್, ಚಿಲಕಾನಾ ರೇಡಿಯೋನಾ?" ಎಂದ ಭಾಯಿ.

"ಹಾಕಿದ್ದು ಕಿವಿಗೆ ಗೊತ್ತಾಗ್ಬೇಕು. ಕಟ್ ಅನ್ಬೇಕು. ಆಗ ಮನಸ್ಸಿಗೆ ಸಮಾಧಾನ."

"ಯಾವ ಬಾಗ್ಲಿಗೆ?"

"ಕೋಳಿಗೂಡಿಗೆ."

"ಅಲ್ಲಾ! ಕೋಳಿಗೆ ಹಿತ್ತಾಳೆ ಚಿಲಕನಾ ಸಾಬ್? ಒಂದು ತಂತಿ ಸುತ್ತಿಬಿಡಿ, ಬಸ್."

"ತಂತಿ ಸುತ್ತೋಕೆ ಎರಡು ಕೈ ಬೇಕು ಭಾಯ್. ಮೊಟ್ಟೆ ತೆಗೆಯೋ ಅಮ್ಮನ ಒಂದು ಕೈಯಲ್ಲಿ ಕೋಲಿರುತ್ತೆ."

"ಮೊದ್ಲೇ ಹೇಳ್ಬಾರ್ದಾ" ಎಂದು ಭಾಯಿ ಗೊಣಗುತ್ತ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದಪ್ಪನೆಯ ಚಿಲಕ ತಂದ. ಬೆರಳಲ್ಲಿ ತಳ್ಳಿದರೆ ಸಾಕು, ಕಟ್ ಎಂದಿತು. ಇವರ ಮುಖ ಬೆಳಗಿತು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನು ಜೇಬಿನಲ್ಲೇ ಕಟ್ ಕಟ್ ಅನ್ನಿಸುತ್ತಿದ್ದರು. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡಿದಳು.

ಬಾಗಿಲು ಕೂರಿಸಿದ ದಿನ ಅವರ ಕೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. "ಇಡೀ ಸರ್ವಿಸು ಬೇರೆಯವರದ್ದು ಯಾಕೆ ಮುರೀತು ಅಂತ ಬರೆದೆ ಯಜಮಾನ್ರೇ. ನನ್ನ ಕೈಯಲ್ಲಿ ಆದ ಮೊದಲನೇ ವಸ್ತು ಇದು" ಎಂದರು. ಸಿಟಿಯಿಂದ ಯಾವ ನೆಂಟರು ಬಂದರೂ ನಮ್ಮ ಹಿತ್ತಿಲಿಗೆ ಕರೆದುಕೊಂಡು ಬಂದು ತೋರಿಸುತ್ತಿದ್ದರು.

ಈಗ ನನ್ನ ವಿಷಯ.

ಹೆಂಡತಿಯ ಆಪರೇಷನ್ನು ಶ್ರಾವಣದಲ್ಲಿ ಬಿತ್ತು. ನಮ್ಮ ಮನೆಯಲ್ಲಿ ಶ್ರಾವಣ ಶನಿವಾರ ತಿಮ್ಮಪ್ಪನ ವಾರ. ಮಾಂಸ, ಮೊಟ್ಟೆ ಮನೆಯೊಳಗೆ ಬರುವ ಹಾಗಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಅವಳು ನನಗೆ ಹೇಳಿದ್ದು ಇಷ್ಟೇ. "ಹರಕೆ ಹೊತ್ತಿದ್ದೀನಿ. ನಾನಿಲ್ಲ ಅಂತ ಶನಿವಾರ ಬಾಯಿಚಪಲಕ್ಕೆ ಏನೂ ಮಾಡ್ಕೋಬೇಡಿ. ನನ್ನ ಕಾಲು ನಿಮ್ಮ ಬಾಯಲ್ಲಿದೆ."

"ಆಯ್ತು ಕಣೇ" ಎಂದೆ.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಸಂಜೆ ಕೋಳಿ ಮುಚ್ಚುವ ಕೆಲಸವನ್ನು ಪಕ್ಕದ ಮನೆಯವರು ತಾವೇ ವಹಿಸಿಕೊಂಡರು. "ನೀವು ಆಸ್ಪತ್ರೆ ನೋಡ್ಕೊಳ್ಳಿ, ಪಾಲಿಸಿದಾರರು ನನ್ನ ಜವಾಬ್ದಾರಿ" ಎಂದರು. ಆ ಶನಿವಾರ ಸಂಜೆ ನಾನು ಆಸ್ಪತ್ರೆಯಿಂದ ಬಂದೆ. ಮನೆಯಲ್ಲಿ ಬೆಳಗಿನ ತಣ್ಣನೆಯ ಚಿತ್ರಾನ್ನ ಬಿಟ್ಟರೆ ಏನಿಲ್ಲ. ಅವರು ಆಗಲೇ ಕೋಳಿ ಮುಚ್ಚಿ ಹೋಗಿದ್ದರು. ನನಗೆ ಯಾಕೋ ಆಮ್ಲೆಟ್ಟಿನ ಆಸೆ ಹುಟ್ಟಿತು. ಹಸಿವಲ್ಲ ಅದು. ಹೇಳುವವರು ಕೇಳುವವರು ಇಲ್ಲದ ಮನೆಯಲ್ಲಿ ಹುಟ್ಟುವ ಒಂದು ಪೋಲಿ ಆಸೆ. ಹಿತ್ತಿಲಿಗೆ ಹೋದೆ, ಮೊಟ್ಟೆ ಬಾಗಿಲಿನ ಚಿಲಕ ಎಳೆದೆ, ಎರಡೂ ಕೈಗೆ ಒಂದೊಂದು ಮೊಟ್ಟೆ ತೆಗೆದುಕೊಂಡೆ.

ಮುಂದಿನ ಗೇಟು ಕಿರ್ ಎಂದಿತು. "ಭಾವಾ, ಇದೀರಾ? ಊಟ ತಂದಿದೀನಿ" ಎಂದು ಲಿಂಗರಾಜಪುರದಿಂದ ಬಂದ ನನ್ನ ನಾದಿನಿಯ ಧ್ವನಿ. ಅವಳ ಕಣ್ಣಿಗೆ ಬಿದ್ದರೆ ಬೆಳಗಾಗುವುದರೊಳಗೆ ಆಸ್ಪತ್ರೆಗೆ ಸುದ್ದಿ ಮುಟ್ಟುತ್ತದೆ. ಮೊಣಕೈಯಿಂದ ಬಾಗಿಲನ್ನು ಮೇಲಕ್ಕೆ ತಳ್ಳಿದೆ. ಅದು ಚೌಕಟ್ಟಿಗೆ ಬಿಗಿಯಾಗಿ ಕೂತುಕೊಂಡಿತು. ಚಿಲಕ ಹಾಕಲು ಕೈಯಿರಲಿಲ್ಲ. ಆಮೇಲೆ ಬಂದು ಹಾಕಿದರಾಯಿತು ಎಂದು ಮೊಟ್ಟೆಗಳನ್ನು ಪಂಚೆಯ ಮಡಿಕೆಗೆ ಸೇರಿಸಿ ಓಡಿದೆ. ನಾದಿನಿ ಹುಳಿ, ಪಲ್ಯ, ಪಾಯಸ ಎಲ್ಲ ತಂದಿದ್ದಳು. ಕೂರಿಸಿ ಬಡಿಸಿದಳು. ಅವಳು ಹೋದ ಮೇಲೆ ಆಮ್ಲೆಟ್ಟನ್ನೂ ಮಾಡಿಕೊಂಡು ತಿಂದೆ. ಹೊಟ್ಟೆ ತುಂಬಿತ್ತು, ಆದರೂ ತಿಂದೆ. ಚಿಲಕ ಮರೆತೆ.

ಬೆಳಿಗ್ಗೆ ನೋಡಿದರೆ ಮೊಟ್ಟೆ ಬಾಗಿಲು ಮಲಗಿತ್ತು. ಹಳಿಯ ಪಕ್ಕದ ಪೊದೆಯಿಂದ ಮುಂಗುಸಿ ಬಂದಿರಬೇಕು. ಹಿತ್ತಿಲ ತುಂಬಾ ಪುಕ್ಕ. ಎರಡು ಹೇಂಟೆ ಮಾತ್ರ ಹೇಗೋ ನುಗ್ಗೆಮರ ಹತ್ತಿ ಉಳಿದಿದ್ದವು.

ನನಗಿಂತ ಮೊದಲೇ ಅವರು ಅಲ್ಲಿದ್ದರು. ಕಾಳಿನ ಡಬ್ಬಿ ಹಿಡಿದು ನಿಂತಿದ್ದರು. "ನಾನು ಹಾಕಿದ್ದೆನಲ್ಲಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಾಕಿದ್ದೆನಾ?" ಎಂದರು.

ಆ ಕ್ಷಣದಲ್ಲಿ ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಹರಕೆ, ಹೆಂಡತಿ, ಶನಿವಾರ, ನಾದಿನಿಯ ಪಾಯಸ, ಎಲ್ಲ ಒಟ್ಟಿಗೆ ನೆನಪಾಯಿತು. "ಹೋಗ್ಲಿ ಬಿಡಿ ಸಾರ್" ಎಂದುಬಿಟ್ಟೆ. ಕ್ಷಮಿಸುವವನ ಹಾಗೆ ಅಂದೆ. ಇದನ್ನು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ.

ಅವರು ಬಿಡಲಿಲ್ಲ. ಕ್ಲೇಮು ನೋಡಿದ ಮನುಷ್ಯ. ಆ ದಿನವೆಲ್ಲ ಚಿಲಕ ಹಾಕಿ ಬಾಗಿಲನ್ನು ಗುದ್ದಿದರು, ಎಳೆದರು, ಒಳಗಿನಿಂದ ಕೋಲು ತೂರಿಸಿ ತಿವಿದರು. ಅದು ಅಲುಗಲಿಲ್ಲ. ಅಲುಗಲಿಲ್ಲವಾದ್ದರಿಂದಲೇ ಕೆಟ್ಟದ್ದಾಯಿತು. "ಚಿಲಕದ್ದು ತಪ್ಪಿಲ್ಲ. ಅಂದಮೇಲೆ ನನ್ನದೇ. ಹಾಕಿದ್ದೀನಿ ಅಂದ್ಕೊಂಡಿದ್ದೀನಿ, ಹಾಕಿಲ್ಲ" ಎಂದು ತೀರ್ಮಾನಿಸಿದರು. ಬಾಗಿಲು ಎಷ್ಟು ಗಟ್ಟಿಯೋ ಅವರ ತಪ್ಪು ಅಷ್ಟು ಗಟ್ಟಿ.

ಹೆಂಡತಿ ಮನೆಗೆ ಬಂದಳು. ಸುದ್ದಿ ಕೇಳಿ ಅತ್ತಳು. ಆದರೆ ಅವರು ಬಂದು ಕೈಮುಗಿದು ನಿಂತಾಗ ಕಣ್ಣೊರೆಸಿಕೊಂಡು ತಾನೇ ಸಮಾಧಾನ ಹೇಳಿದಳು. "ಬಿಡಿ ಅಣ್ಣಾ, ವಯಸ್ಸಾದ್ಮೇಲೆ ಮರೆವು ಯಾರಿಗೆ ಬರಲ್ಲ? ಮರಿ ಮಾಡ್ಸಿದ್ರೆ ಆಯ್ತು." ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಅವರ ಮುಖ ಹೇಗಾಯಿತು ಎಂದು ಪಕ್ಕದಲ್ಲೇ ನಿಂತಿದ್ದ ನಾನು ನೋಡಿದೆ.

ಆಮೇಲೆ ಅವರು ಬೇರೆ ಮನುಷ್ಯರಾದರು. ಹೊರಗೆ ಹೊರಟರೆ ಬೀಗ ಹಾಕಿ, ಗೇಟಿನವರೆಗೆ ಬಂದು, ವಾಪಸು ಹೋಗಿ ಬೀಗ ಜಗ್ಗಿ ನೋಡುವುದು, ಮತ್ತೆ ಗೇಟು, ಮತ್ತೆ ಬೀಗ. ಸ್ಕೂಟರ್ ಓಡಿಸುವುದನ್ನೇ ನಿಲ್ಲಿಸಿದರು. ಒಂದು ದಿನ ತಮ್ಮ ಹತಾರದ ಪೆಟ್ಟಿಗೆ ತಂದು ನಮ್ಮ ಜಗುಲಿಯ ಮೇಲಿಟ್ಟರು. "ಇದು ನಿಮ್ಮಲ್ಲೇ ಇರ್ಲಿ ಯಜಮಾನ್ರೇ. ಮೈಮೇಲೆ ಎಚ್ಚರ ಇಲ್ದವನ ಕೈಯಲ್ಲಿ ಗರಗಸ ಇರ್ಬಾರ್ದು" ಎಂದರು. ಹಿತ್ತಿಲಿಗೆ ಬರುವುದೂ ನಿಂತಿತು. ಹೊಸ ಮರಿಗಳು ಬಂದು ಬೆಳೆದವು. ಕಾಂಪೌಂಡಿನ ಮೇಲೆ ತಲೆ ಕಾಣಿಸಲಿಲ್ಲ. ಆ ಪೆಟ್ಟಿಗೆಯನ್ನು ನಾನು ಜಗುಲಿಯಿಂದ ಒಳಗೂ ಇಡಲಿಲ್ಲ, ಹೊರಗೂ ಹಾಕಲಿಲ್ಲ. ದಿನಾ ಅದನ್ನು ದಾಟಿಕೊಂಡೇ ಓಡಾಡಿದೆ.

ಮುಂದಿನ ಶ್ರಾವಣದವರೆಗೂ ನಾನು ಹೀಗೇ ಬಾಯಿ ಮುಚ್ಚಿಕೊಂಡಿದ್ದೆ. ಒಂದು ಸಂಜೆ ಅವರ ಮಗಳು ಗೇಟಿನ ಹತ್ತಿರ ನನ್ನನ್ನು ತಡೆದಳು.

"ಅಂಕಲ್, ಅಪ್ಪನ್ನ ಒಂದ್ಸಲ ಗಮನಿಸ್ತೀರಾ? ಗ್ಯಾಸ್ ಆಫ್ ಮಾಡಿದೀನಾ ಅಂತ ನಂಗೆ ಸ್ಕೂಲಿಗೆ ಫೋನ್ ಮಾಡ್ತಾರೆ. ಒಲೆ ಮುಂದೇನೇ ನಿಂತ್ಕೊಂಡು ಕೇಳ್ತಾರೆ ಅಂಕಲ್. ಮಾರತ್ತಹಳ್ಳಿ ಹತ್ರ ಒಬ್ಬ ಮರೆವಿನ ಡಾಕ್ಟರಿದಾರಂತೆ, ಟೈಮ್ ತಗೊಂಡಿದೀನಿ."

ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಅವರು ತರಕಾರಿಗೆ ಹೊರಟರು. ಬೀಗ ಹಾಕಿ ಗೇಟಿನವರೆಗೆ ಬಂದರು. ತಿರುಗಿ ಹೋಗಿ ಬೀಗ ಜಗ್ಗಿದರು. ಮತ್ತೆ ಬಂದರು. ಗೇಟಿನಲ್ಲಿ ನಾನು ನಿಂತಿದ್ದೆ.

"ಸಾರ್, ಅವತ್ತು ಚಿಲಕ ತೆಗೆದವನು ನಾನು."

"ಯಾವತ್ತು?" ಎಂದರು. ಯಾವತ್ತು ಎಂದು ಅವರಿಗೆ ಗೊತ್ತಿತ್ತು.

"ನಮ್ಮವಳು ಆಸ್ಪತ್ರೇಲಿದ್ದಾಗ, ಆ ಶನಿವಾರ. ನೀವು ಮುಚ್ಚಿ ಹೋದ್ಮೇಲೆ ಹೋಗಿ ತೆಗ್ದೆ. ಎರಡು ಮೊಟ್ಟೆ ತಗೊಂಡೆ. ವಾಪಸ್ ಚಿಲಕ ಹಾಕ್ಲಿಲ್ಲ."

ಅವರು ಕೈಚೀಲವನ್ನು ಮಡಚಿದರು, ಬಿಡಿಸಿದರು.

"ಅಂದ್ರೆ ನಾನು ಹಾಕಿದ್ದೆ."

"ಹಾಕಿದ್ರಿ ಸಾರ್. ನಾನು ಎಳೆದಾಗ ಕಟ್ ಅಂತ ಶಬ್ದ ಬಂತು."

"ಬಂತಾ? ಸರಿಯಾಗಿ ಕೇಳಿಸ್ತಾ?"

"ಸರಿಯಾಗಿ ಕೇಳಿಸ್ತು."

ಗೇಟಿನ ಮೆಟ್ಟಿಲ ಮೇಲೆ ಕೂತರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬೈದರೆ ಬೈಸಿಕೊಳ್ಳೋಣ ಎಂದು ನಿಂತಿದ್ದೆ. ಅವರು ಧ್ವನಿ ಏರಿಸಲಿಲ್ಲ. "ಅವತ್ತಿಂದ ನಾನು ನನ್ನ ಕೈಯನ್ನೇ ನಂಬಿಲ್ಲ ಯಜಮಾನ್ರೇ. ಊಟ ಮಾಡಿದ್ನಾ ಅಂತ ತಟ್ಟೆ ನೋಡ್ಕೋತಿದ್ದೆ" ಎಂದರು. ನಾನು ಅತ್ತೆ. ಈ ವಯಸ್ಸಿನಲ್ಲಿ, ರಸ್ತೆಯಲ್ಲಿ, ಹಾಲಿನವನು ನೋಡುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಳಲು ಬಿಟ್ಟರು. ಅದೂ ಸರಿಯೇ.

ಆಮೇಲೆ ಅವರೊಳಗಿನ ಕ್ಲೇಮಿನ ಮನುಷ್ಯ ಎದ್ದ.

"ತೆಗೆದವರು ಯಾಕೆ ಹಾಕ್ಲಿಲ್ಲ?"

"ನಾದಿನಿ ಬಂದ್ಬಿಟ್ಲು ಸಾರ್. ಎರಡೂ ಕೈಯಲ್ಲಿ ಮೊಟ್ಟೆ ಇತ್ತು."

"ಎರಡೂ ಕೈಯಲ್ಲಾ?"

"ಹೌದು."

ಅವರು ಎದ್ದು ನಿಂತರು. "ನೋಡಿದ್ರಾ! ಒಂದು ಕೈಯಲ್ಲಿ ಕೋಲಿರೋರಿಗೆ ಅಂತ ಬಾಗಿಲು ಮಾಡಿದೆ. ಎರಡೂ ಕೈಯಲ್ಲಿ ಮೊಟ್ಟೆ ಇರೋರು ಏನ್ ಮಾಡ್ಬೇಕು ಅಂತ ಯೋಚ್ನೇನೇ ಮಾಡಿಲ್ಲ. ಬನ್ನಿ, ಬನ್ನಿ. ನನ್ನ ಪೆಟ್ಟಿಗೆ ಎಲ್ಲಿಟ್ಟಿದೀರಿ?"

ಗೇಟು ಎಳೆದುಕೊಂಡು ನಮ್ಮ ಮನೆಯ ಕಡೆ ದಾಪುಗಾಲು ಹಾಕಿದರು. ಅವರು ನಿಲ್ಲುತ್ತಾರೆ, ತಿರುಗಿ ಹೋಗಿ ಬೀಗ ಜಗ್ಗುತ್ತಾರೆ ಎಂದು ನಾನೇ ನಿಂತು ಕಾದೆ. ತಿರುಗಿಯೂ ನೋಡಲಿಲ್ಲ.

"ಸಾರ್, ನಮ್ಮವಳಿಗೆ ಮಾತ್ರ..." ಎಂದೆ ಹಿಂದೆ ಹಿಂದೆ ಹೋಗುತ್ತ.

"ಕ್ಲೇಮಿನ ವಿವರ ಹೊರಗಿನವರಿಗೆ ಹೇಳೋ ಹಾಗಿಲ್ಲ. ಆದ್ರೆ ನನ್ನ ಮಗಳಿಗೆ ಹೇಳ್ಲೇಬೇಕು, ಆ ಡಾಕ್ಟರ್ ಟೈಮ್ ಕ್ಯಾನ್ಸಲ್ ಮಾಡ್ಸೋಕೆ. ನಿಮ್ಮ ಮನೆಯವರಿಗೆ ಹೇಳೋದು ನಿಮ್ಮ ಕೆಲಸ."

ಹೊಸ ಬಾಗಿಲಿಗೆ ಮತ್ತೆ ಸ್ವೀಟು ಡಬ್ಬಿ, ಮತ್ತೆ ಶಿವಾಜಿನಗರ. ಭಾಯಿ ಈ ಸಲ ನೋಡಿದ ತಕ್ಷಣ, "ಕೋಳಿ ಸಾಬ್, ಆಯಿಯೇ" ಎಂದ. ತಾನಾಗಿ ಕಚ್ಚಿಕೊಳ್ಳುವ ಒಂದು ಚಿಲಕ ಕೊಟ್ಟ, ಒಂದು ಸಣ್ಣ ರಾಟೆ ಕೊಟ್ಟ. ನಮ್ಮಪ್ಪ ರಾಗಿ ತೂಗುತ್ತಿದ್ದ ಕಬ್ಬಿಣದ ತೂಕದ ಬಟ್ಟು ಅಟ್ಟದಲ್ಲಿತ್ತು, ಅದನ್ನು ನಾನು ಇಳಿಸಿ ಕೊಟ್ಟೆ. ಬಾಗಿಲಿಗೆ ಹಗ್ಗ, ಹಗ್ಗ ರಾಟೆಯ ಮೇಲೆ, ಹಗ್ಗದ ತುದಿಗೆ ಬಟ್ಟು. ಬುಟ್ಟಿ ಇಟ್ಟಿರುವಷ್ಟು ಹೊತ್ತು ಬಾಗಿಲು ಹಲಗೆಯಾಗಿ ಮಲಗಿರುತ್ತದೆ. ಬುಟ್ಟಿ ಎತ್ತಿದರೆ ಬಟ್ಟು ಇಳಿಯುತ್ತದೆ, ಬಾಗಿಲು ನಿಧಾನಕ್ಕೆ ಮೇಲೆದ್ದು ತಾನೇ ಕೂತು, ಕಟ್ ಎನ್ನುತ್ತದೆ. ಕೈಯಲ್ಲಿ ಏನೇ ಇರಲಿ, ಮನಸ್ಸಿನಲ್ಲಿ ಏನೇ ಇರಲಿ, ಮುಚ್ಚಿಕೊಳ್ಳುತ್ತದೆ.

"ಈಗ ನಿಮಗೂ ಅನುಕೂಲ ಆಯ್ತು" ಎಂದರು, ನನ್ನ ಕಡೆ ಓರೆಗಣ್ಣಲ್ಲಿ ನೋಡಿ. ಅದೊಂದೇ ಸಲ ಅವರು ನನ್ನನ್ನು ಚುಚ್ಚಿದ್ದು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಸ್ಕೂಟರ್ ಮತ್ತೆ ಹೊರಗೆ ಬಂತು. ನಮ್ಮ ಗೇಟಿನ ಕಿರುಗುಟ್ಟುವಿಕೆ ನಿಂತಿತು. ನನ್ನ ಹೆಂಡತಿ ದೇವರ ಮನೆಗೆ ಬಗ್ಗದೆ ಹೋಗುವ ಹಾಗೆ ಮೆಟ್ಟಿಲಿಗೊಂದು ಹಿಡಿ ಬಂತು. ಸಂಜೆ ಹಿತ್ತಿಲಲ್ಲಿ ಎರಡು ಸ್ಟೂಲು. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು. ರೈಲು ಹೋಗುವವರೆಗೆ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಿದ್ದೆವು. ಕೋಳಿಗಳು ಏಣಿ ಹತ್ತುವಾಗ ಅವರು ಒಬ್ಬೊಬ್ಬರನ್ನೇ ಒಳಗೆ ಕಳಿಸಿಕೊಟ್ಟು ಏಳುತ್ತಿದ್ದರು. ಕಡೆಯವರೆಗೂ ಮುಟ್ಟಲಿಲ್ಲ. ಕೇಕನ್ನೂ ತಿನ್ನಲಿಲ್ಲ.

ಇಷ್ಟು ಬರೆದು, ಮೊದಲು ಹೆಂಡತಿಗೇ ಓದಿ ಹೇಳಿದೆ. ಅವರು ನನಗೆ ಬಿಟ್ಟುಹೋದ ಕೆಲಸ ಅದು. ಅವಳು ಹುರುಳಿಕಾಯಿ ಮುರಿಯುತ್ತ ಕೇಳಿದಳು. ಶನಿವಾರ ಎಂಬಲ್ಲಿಗೆ ಬಂದಾಗ ಕೈ ನಿಂತಿತು.

"ಶ್ರಾವಣ ಶನಿವಾರಾನಾ?"

"ಹೂಂ."

"ಪಾಯಸ ತಿಂದ ಮೇಲೆ?"

"ಹೂಂ."

"ಅದಕ್ಕೇ ಈ ಬಲಗಾಲು ಇನ್ನೂ ನೋಯುತ್ತೆ" ಎಂದಳು. ಆಮೇಲೆ ಹುರುಳಿಕಾಯಿ ಪಕ್ಕಕ್ಕಿಟ್ಟು, "ಆ ಮನುಷ್ಯನಿಗೆ ನಾನು ಮರೆವು ಅಂದ್ಬಿಟ್ಟೆನಲ್ರೀ" ಎಂದು ಕಣ್ಣಿಗೆ ಸೆರಗು ಹಚ್ಚಿದಳು. ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ ಅವರ ಮಗಳ ಮನೆಗೆ ಹೋಗಿ ಕೂತು, ಎಲ್ಲವನ್ನೂ ಹೇಳಿಕೊಂಡು ಬಂದಳು. ಆ ಮಗಳಿಗೆ ಎಲ್ಲ ಮೊದಲೇ ಗೊತ್ತಿತ್ತು. ಆದರೂ ಪೂರ್ತಿ ಕೇಳಿದಳಂತೆ. ಈಗ ಮಾತು ಸರಿಹೋಗಿದೆ. ಶನಿವಾರಗಳಲ್ಲಿ ನಾನು ಒಪ್ಪೊತ್ತು, ವರ್ಷವಿಡೀ.

ಇವತ್ತು ಬೆಳಿಗ್ಗೆ ಮೊಟ್ಟೆ ತೆಗೆಯಲು ನಾನೇ ಹೋದೆ. ಬುಟ್ಟಿ ಬಿಟ್ಟುಹೋಗಿದ್ದೆ. ಬಾಗಿಲನ್ನು ಮೊಣಕೈಯಿಂದ ಒತ್ತಿಕೊಂಡು, ಒಂದೊಂದು ಕೈಯಲ್ಲಿ ಒಂದೊಂದು ಮೊಟ್ಟೆ ಹಿಡಿದು ಹಿಂದೆ ಸರಿದೆ. ಅಡಿಗೆಮನೆಯಿಂದ ಹೆಂಡತಿಯ ಧ್ವನಿ ಬಂತು.

"ಬಾಗಿಲು ಹಾಕಿದ್ರಾ?"

ಬಟ್ಟು ಇಳಿಯಿತು. ಬಾಗಿಲು ಎದ್ದು ಕೂತಿತು. ಕಟ್ ಎಂದಿತು.

"ಸಾರ್ ಹಾಕಿದ್ರು" ಎಂದೆ.